ಮರದ ಔಷಧಿಗೆ ಬೆಲ್ಲ ಹಾಕಿದ ಕಾಂಪೌಂಡರ್

ಹಾಲ್ಕುರಿಕೆಯ ಶ್ರೀರಂಗಯ್ಯ ಮೂವತ್ತಮೂರು ವರ್ಷ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಅಷ್ಟು ವರ್ಷಗಳಲ್ಲಿ ಹನ್ನೊಂದು ಮಂದಿ ಡಾಕ್ಟರು ಬಂದು ಹೋದರು. ಯಾವ ಮನೆಯ ಹಸು ಒದೆಯುತ್ತದೆ, ಯಾವ ಮನೆಯ ಯಜಮಾನ ಸುಳ್ಳು ಹೇಳುತ್ತಾನೆ ಎಂದು ಹೊಸ ಡಾಕ್ಟರಿಗೆ ತಿಳಿಸುವ ಕೆಲಸವೂ ಅವರದೇ ಆಗಿತ್ತು. ಕಿವಿಯ ಬುಡ ಮುಟ್ಟಿ ಜ್ವರ ಎಷ್ಟೆಂದು ಹೇಳುತ್ತಿದ್ದರು. ಎಡ ಪಕ್ಕೆಗೆ ಬೆರಳು ತಟ್ಟಿ ಹೊಟ್ಟೆಯುಬ್ಬರ ಯಾವ ಮಟ್ಟಕ್ಕಿದೆ ಎನ್ನುತ್ತಿದ್ದರು. ಆಮೇಲೆ ಥರ್ಮಾಮೀಟರ್ ಇಟ್ಟ ಡಾಕ್ಟರು ತುಟಿ ಬಿಗಿದುಕೊಂಡು ಅದನ್ನೇ ಬರೆದುಕೊಳ್ಳುತ್ತಿದ್ದರು. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೆಯ ಸಲಕ್ಕೆ. ಆದರೆ ತಮಗೆ ಗೊತ್ತಿಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ತೊಂಬತ್ತೆಂಟರಲ್ಲಿ ನಿವೃತ್ತರಾದರು. ಅಷ್ಟರಲ್ಲಿ ಊರಲ್ಲಿ ದನಗಳೂ ಕಡಿಮೆಯಾಗಿದ್ದವು. ಇದ್ದ ಸೀಮೆಹಸುಗಳನ್ನು ನೋಡಲು ಹಾಲಿನ ಡೈರಿಯ ಕಡೆಯಿಂದ ಬೈಕಿನಲ್ಲಿ ಒಬ್ಬ ಹುಡುಗು ಮುಖದ ಡಾಕ್ಟರು ಬರುತ್ತಿದ್ದರು. ಶ್ರೀರಂಗಯ್ಯ ಬೆಳಗ್ಗೆ ಎದ್ದು, ಸ್ನಾನ ಮಾಡಿ, ಸೂಜಿ ಔಷಧಿಗಳ ತಗಡಿನ ಪೆಟ್ಟಿಗೆ ಒರೆಸಿಟ್ಟು ಜಗಲಿಯ ಮೇಲೆ ಕೂರುತ್ತಿದ್ದರು. ಯಾರೂ ಕರೆಯುತ್ತಿರಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು.

ಆಮೇಲೆ ತೆಂಗಿಗೆ ನುಸಿ ಬಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು, ಎಳೆಗಾಯಿಯ ತೊಟ್ಟಿನ ಕೆಳಗೆ ಸೇರಿಕೊಂಡು ರಸ ಹೀರುತ್ತಿತ್ತು. ಕಾಯಿಯ ಮೇಲೆ ಕಂದು ಪಟ್ಟೆ ಎದ್ದು, ಮೇಲಿನ ಮಟ್ಟೆ ಬಿರುಕುಬಿಟ್ಟು, ಅಂಟು ಸುರಿದು, ಕಾಯಿ ಮುಷ್ಟಿಗಾತ್ರಕ್ಕೇ ನಿಂತುಬಿಡುತ್ತಿತ್ತು. ಅಟ್ಟಕ್ಕೆ ಹಾಕಿ ವರ್ಷ ಕಾದರೂ ಅಂಥ ಕಾಯಿಯೊಳಗೆ ಗುಂಡನೆಯ ಕೊಬ್ಬರಿ ಆಗುವುದಿಲ್ಲ. ತಿಪಟೂರಿನಲ್ಲಿ ತೋಟಗಾರಿಕೆ ಇಲಾಖೆಯವರು ಸಭೆ ಕರೆದು, ಮರದ ಒಂದು ಎಳೆ ಬೇರನ್ನು ಕತ್ತರಿಸಿ, ಕೀಟನಾಶಕ ತುಂಬಿದ ಪ್ಲಾಸ್ಟಿಕ್ ಪೊಟ್ಟಣದೊಳಕ್ಕೆ ಇಳಿಸಿ ಕಟ್ಟುವುದನ್ನು ತೋರಿಸಿದರು. ಶ್ರೀರಂಗಯ್ಯ ಹೋಗಿದ್ದರು. ಬೇರು ಕಟ್ಟುವವರೆಗೆ ನೋಡಿ, ಭಾಷಣ ಶುರುವಾದಾಗ ಎದ್ದು ಬಂದರು.

ಅವರದೊಂದು ಸಿದ್ಧಾಂತವಿತ್ತು. "ಮರ ಅಂದ್ರೆ ನಿಂತಿರೋ ದನ ಕಣ್ರೀ. ದನ ಅಂದ್ರೆ ಓಡಾಡೋ ಮರ. ಜೀವ ಇರೋದಕ್ಕೆಲ್ಲ ಒಂದೇ ಲೆಕ್ಕ" ಎನ್ನುತ್ತಿದ್ದರು. ಇದು ಅರ್ಧ ನಿಜ. ಎರಡೂ ಉಸಿರಾಡುತ್ತವೆ, ಬೆಳೆಯುತ್ತವೆ, ಕಾಯಿಲೆ ಬೀಳುತ್ತವೆ, ತಮ್ಮಂಥದ್ದನ್ನೇ ಹುಟ್ಟಿಸಿ ಸಾಯುತ್ತವೆ. ಉಳಿದ ಅರ್ಧವನ್ನು ಕಲಿಯಲು ಶ್ರೀರಂಗಯ್ಯನವರಿಗೆ ನಾಲ್ಕು ದಿನ ಬೇಕಾಯಿತು.

ಎರಡು ಸಾವಿರದ ಇಸವಿಯ ಆಷಾಢದಲ್ಲಿ ಅವರು ಶಿವರುದ್ರಮ್ಮನವರ ತೋಟಕ್ಕೆ ಹೋದರು. ಗಂಡ ಬಸವರಾಜಪ್ಪ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರದಲ್ಲಿದ್ದುದರಿಂದ ತೋಟ, ದನ, ಆಳು ಎಲ್ಲ ಆಕೆಯ ಕೈಯಲ್ಲೇ ಇತ್ತು. ನೂರಿಪ್ಪತ್ತು ಮರ. ಆಕೆ ಏನು ಮಾಡುತ್ತಾರೋ ಅದನ್ನು ಊರಿನ ಉಳಿದವರು ಮುಂದಿನ ವಾರ ಮಾಡುತ್ತಿದ್ದರು.

"ಅರವತ್ತಡಿ ಮರ ಹತ್ತಿ ಔಷಧಿ ಹೊಡೆಯೋರು ಯಾರು ಕಾಂಪೌಂಡ್ರೇ?" ಎಂದರು ಶಿವರುದ್ರಮ್ಮ. "ಕಾಯಿ ಕೀಳೋಕೇ ಆ ಸಣ್ಣತಿಮ್ಮಯ್ಯನ್ನ ನಾಲ್ಕು ಸಲ ಕರೀಬೇಕು."

"ಹತ್ತೋದೇ ಬ್ಯಾಡ ಅಮ್ಮಾರೇ. ಬೇರಿಗೆ ಕುಡಿಸೋದು."

"ಮೀಟಿಂಗಲ್ಲಿ ಪೂರ್ತಿ ಕೂತಿದ್ರಾ? ನಮ್ಮೆಜಮಾನ್ರು ನೀವು ಮಧ್ಯದಲ್ಲೇ ಎದ್ದೋದ್ರಿ ಅಂದ್ರು."

"ಮೂವತ್ತಮೂರು ವರ್ಷ ಕುಡಿಸಿದೋನಿಗೆ ಕುಡಿಸೋದನ್ನ ಹೇಳ್ಕೊಡಬೇಕಾ? ಒದೆಯೋ ಎಮ್ಮೆಗೇ ಕುಡಿಸಿದೀನಿ. ನಿಂತ್ಕೊಂಡಿರೋ ಮರಕ್ಕೆ ಕುಡಿಸಕ್ಕಿಲ್ವಾ?"

ಶಿವರುದ್ರಮ್ಮ ನಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ತೆಗೆದು ಕೈ ಒರೆಸಿಕೊಂಡರು. "ಹತ್ತು ಮರ ಕೊಡ್ತೀನಿ. ಹತ್ತೂ ಕುಡಿದ್ರೆ ನೂರಿಪ್ಪತ್ತೂ ನಿಮ್ಮ ಕೈಗೆ. ಕುಡೀದಿದ್ರೆ ನನ್ನ ತೋಟಕ್ಕೆ ದನ ನೋಡಕ್ಕೆ ಬನ್ನಿ, ಮರ ನೋಡಕ್ಕೆ ಬರಬ್ಯಾಡಿ."

ಶ್ರೀರಂಗಯ್ಯನವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತಿತ್ತು. ಈ ಹತ್ತು ಮರ ಕುಡಿದರೆ ಊರೇ ಅವರನ್ನು ಕರೆಯುತ್ತದೆ. ಕುಡಿಯದಿದ್ದರೆ ಜಗಲಿಯೇ ಗತಿ.

ಸಣ್ಣತಿಮ್ಮಯ್ಯನಿಂದ ಬಲಿತ ಕಾಯಿಯನ್ನೂ ಎಳನೀರನ್ನೂ ಮೊದಲೇ ಇಳಿಸಿದರು. ಔಷಧಿ ಕಟ್ಟಿದ ಮೇಲೆ ಒಂದೂವರೆ ತಿಂಗಳು ಆ ಮರದ ಕಾಯಿ ಮುಟ್ಟುವಂತಿರಲಿಲ್ಲ. ಉಳಿದದ್ದನ್ನೆಲ್ಲ ಶ್ರೀರಂಗಯ್ಯ ದನದ ಪದ್ಧತಿಯಲ್ಲೇ ಮಾಡಿದರು. ಖಾರದ ಔಷಧಿ ಕೊಡುವ ಮೊದಲು ಪಶುವಿನ ಹೊಟ್ಟೆ ತಂಪಾಗಿರಬೇಕು. ಆದ್ದರಿಂದ ಎರಡು ದಿನ ಬಿಡದೆ ಮೋಟಾರ್ ಓಡಿಸಿ ತೋಟಕ್ಕೆ ನೀರು ಕಟ್ಟಿಸಿದರು. ಪಶುವಿಗೆ ಔಷಧಿ ಹೊತ್ತು ಇಳಿದ ಮೇಲೆ ಕೊಟ್ಟರೆ ಒಗ್ಗುತ್ತದೆ. ಆದ್ದರಿಂದ ಮಂಗಳವಾರ ಸಂಜೆ, ಮೋಡ ಕವಿದು ಸಣ್ಣಗೆ ಜಿನುಗುತ್ತಿದ್ದಾಗ ಶುರುಮಾಡಿದರು. ಬುಡದಿಂದ ಎರಡಡಿ ದೂರ ಗುಂಡಿ ತೋಡಿ, ಪೆನ್ಸಿಲ್ ದಪ್ಪದ ಜೀವಂತ ಬೇರು ಹುಡುಕಿ, ಓರೆಯಾಗಿ ಕೊಯ್ದರು. ಬೇರನ್ನು ಕೊಯ್ದ ರೀತಿ ನೋಡಿದರೆ ತಿಪಟೂರಿನ ಅಧಿಕಾರಿಯೂ ಮೆಚ್ಚಬೇಕಿತ್ತು.

ಆಮೇಲೆ ಪಂಚೆಯ ಗಂಟಿನಿಂದ ಒಂದು ಬೆಲ್ಲದಚ್ಚು ತೆಗೆದು, ಔಷಧಿಗೆ ಬೆರೆಸುವ ನೀರಿನಲ್ಲಿ ಕರಗಿಸತೊಡಗಿದರು.

"ಇದೇನ್ರೀ ಇದು?" ಎಂದರು ಶಿವರುದ್ರಮ್ಮ.

"ಬೆಲ್ಲ."

"ಕಣ್ಣು ಕಾಣ್ತದೆ ನಂಗೆ. ಯಾಕೆ ಅಂತ ಕೇಳಿದ್ದು. ಮರಕ್ಕೆ ನಾಲಿಗೆ ಎಲ್ಲೈತೆ?"

"ಕಹಿ ಔಷಧೀನ ಯಾವ ಜೀವಾನೂ ಖುಷಿಯಾಗಿ ಕುಡಿಯಾಕಿಲ್ಲ ಅಮ್ಮಾರೇ. ಒಂಚೂರು ಸಿಹಿ ಇದ್ರೆ ಒಳಕ್ಕೆ ತಗೋತದೆ. ನನ್ನ ಅನುಭವ ಇದು."

ಹತ್ತೂ ಮರಕ್ಕೆ ಪೊಟ್ಟಣ ಕಟ್ಟಿ ಮುಗಿಯಿತು. ಗುಂಡಿ ಮುಚ್ಚಲೇ ಎಂದು ಆಳು ಕೇಳಿದ. ಬೇಡವೆಂದರು. ಕರು ಹಾಕಿದ ಹಸುವನ್ನು ಗಂಟೆಗೊಮ್ಮೆ ಹೋಗಿ ನೋಡುವ ಅಭ್ಯಾಸ ಅವರದು. ಮರ ಎಷ್ಟು ಕುಡಿಯಿತೆಂದು ನೋಡಬೇಕಲ್ಲ.

ಬುಧವಾರ ಬೆಳಗ್ಗೆ ನೋಡಿದರು. ಪೊಟ್ಟಣ ತುಂಬಿಯೇ ಇತ್ತು. ಮಧ್ಯಾಹ್ನ ನೋಡಿದರು, ಸಂಜೆ ನೋಡಿದರು. ಗುರುವಾರ ಕೊಡೆ ಹಿಡಿದುಕೊಂಡು ಬಂದು ಹತ್ತು ಗುಂಡಿಗೂ ಬಗ್ಗಿದರು. ಎಲ್ಲೋ ಒಂದೆರಡು ಪೊಟ್ಟಣದಲ್ಲಿ ಒಂದು ಬೆರಳಿನಷ್ಟು ಇಳಿದಿತ್ತು, ಅಷ್ಟೇ. ಡೈರಿಯ ಮುಂದೆ ಕ್ಯಾನ್ ಹಿಡಿದು ನಿಂತಿದ್ದವರಿಗೆ ಒಳ್ಳೆಯ ಮಾತು ಸಿಕ್ಕಿತು.

"ಏನ್ ಕಾಂಪೌಂಡ್ರೇ, ಪೇಷಂಟು ಬಾಯಿ ತೆಗೀಲಿಲ್ವಂತೆ?"

"ಮೂಗು ಹಿಡ್ಕಂಡು ಕುಡಿಸಿ ಕಣ್ರೀ!"

"ನಗಾಡ್ರಪ್ಪ ನಗಾಡಿ," ಎಂದರು ಶ್ರೀರಂಗಯ್ಯ. "ಮೊಂಡು ಹಸನೂ ಮೂರನೇ ದಿನಕ್ಕೆ ಕುಡೀತದೆ."

ಮೂರನೆಯ ದಿನ, ಶುಕ್ರವಾರ, ಶಿವರುದ್ರಮ್ಮನವರ ಮೋಟಾರ್ ಕೆಟ್ಟಿತು. ಎರಡು ದಿನ ಬಿಡದೆ ಓಡಿಸಿದ್ದರಿಂದ ಒಳಗಿನ ತಂತಿ ಸುಟ್ಟುಹೋಗಿತ್ತು. ಅದನ್ನು ಬಿಚ್ಚಲು ತಿಪಟೂರಿನಿಂದ ಅಕ್ಬರ್ ಪಾಷಾ ಬಂದ. ಸುತ್ತಿನ ಮೂವತ್ತು ಹಳ್ಳಿಯ ಪಂಪುಗಳು ಅವನ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಅವನು ಬಾವಿಯ ಕಟ್ಟೆಯ ಮೇಲೆ ನಟ್ಟು ಬೋಲ್ಟು ಹರಡಿಕೊಂಡು ಕೂತಿದ್ದ. ಶ್ರೀರಂಗಯ್ಯ ನಾಲ್ಕನೆಯ ಮರದ ಗುಂಡಿಗೆ ಬಗ್ಗಿದ್ದರು. ಆಗ ಕೊಟ್ಟಿಗೆಯ ಕಡೆಯಿಂದ ಶಿವರುದ್ರಮ್ಮ ಕೂಗಿದ್ದು ಕೇಳಿಸಿತು.

"ಕಾಂಪೌಂಡ್ರೇ! ಕಡಸು ಬಿದ್ದೋಯ್ತು!"

ಒಂದೂವರೆ ವರ್ಷದ ಸೀಮೆಹಸುವಿನ ಕಡಸು, ಇನ್ನೂ ಗಬ್ಬವಾಗಿರಲಿಲ್ಲ. ಹಗ್ಗ ಬಿಚ್ಚಿಕೊಂಡು ತೋಟಕ್ಕೆ ನುಗ್ಗಿತ್ತು. ಏಳನೆಯ ಮರದ ಪಕ್ಕದಲ್ಲಿ ಮಂಡಿಯೂರಿ ಬಿದ್ದಿತ್ತು. ಬಾಯಿಂದ ಜೊಲ್ಲು ದಾರದ ಹಾಗೆ ಸುರಿಯುತ್ತಿತ್ತು, ಭುಜದ ಚರ್ಮ ಪಟಪಟನೆ ಅದುರುತ್ತಿತ್ತು, ಉಸಿರು ಗೊರಗುಟ್ಟುತ್ತಿತ್ತು. ಗುಂಡಿಯೊಳಗೆ ಬೇರು ಬರಿದಾಗಿತ್ತು. ಅಗಿದ ಪ್ಲಾಸ್ಟಿಕ್ ಚೂರು ಕಡಸಿನ ತುಟಿಗೆ ಅಂಟಿಕೊಂಡಿತ್ತು.

ಶ್ರೀರಂಗಯ್ಯ ಅದರ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಪಾಪೆ ಸಾಸಿವೆಯಷ್ಟಾಗಿತ್ತು. ಇದು ಪೊಟ್ಟಣದ ವಿಷವೇ ಎಂಬುದರಲ್ಲಿ ಒಂದು ಕ್ಷಣವೂ ಅನುಮಾನಪಡಲಿಲ್ಲ.

"ಪಾಷಾ, ಗಾಡಿ ತಗಿ. ತಿಪಟೂರಿಗೆ ಹೋಗಿ ಈ ವಿಷ ಇಳಿಸೋ ಅಟ್ರೋಪಿನ್ ಇಂಜೆಕ್ಷನ್ ತಾ. ಒಂದು ಅಂಗಡೀಲಿ ಅಲ್ಲ, ಎಲ್ಲಾ ಅಂಗಡೀಲಿ ಇರೋದನ್ನೆಲ್ಲ ತಾ."

"ಚೀಟಿ ಇಲ್ದೆ ಕೊಡ್ತಾರಾ ಸಾಹೇಬ್ರೇ?"

"ನನ್ನ ಹೆಸರು ಹೇಳು. ಕೊಡದಿದ್ರೆ ಗಲಾಟೆ ಮಾಡು. ನಡಿ!"

ಡೈರಿಯ ಡಾಕ್ಟರು ಅಂದು ಹುಳಿಯಾರಿನ ಕಡೆ ಲಸಿಕೆಗೆ ಹೋಗಿದ್ದರು. ಆಳು ಶ್ರೀರಂಗಯ್ಯನವರ ಮನೆಗೆ ಓಡಿ ತಗಡಿನ ಪೆಟ್ಟಿಗೆ ತಂದ. ಅದರಲ್ಲಿ ಅಟ್ರೋಪಿನ್ನಿನ ಹನ್ನೆರಡು ಸಣ್ಣ ಸೀಸೆ ಇದ್ದವು. ಮನುಷ್ಯರಿಗೆ ಕೊಡುವಷ್ಟರ ಸೀಸೆಗಳು; ಇಷ್ಟು ದೊಡ್ಡ ದೇಹಕ್ಕೆ ಏನೇನೂ ಸಾಲವು. ಆದರೂ ಒಂದೊಂದನ್ನೇ ಮುರಿದು ಸಿರಿಂಜಿಗೆ ಎಳೆದು, ಕತ್ತಿನ ರಕ್ತನಾಳಕ್ಕೆ ಮೂರು, ಚರ್ಮದಡಿಗೆ ಉಳಿದದ್ದು ಕೊಟ್ಟರು. ಶಿವರುದ್ರಮ್ಮ ಒಳಗಿಂದ ಕೊಬ್ಬರಿ ಎಣ್ಣೆಯ ತಂಬಿಗೆ ತಂದರು.

"ಎಣ್ಣೆ ಬ್ಯಾಡ! ವಿಷ ಇನ್ನೂ ಜೋರಾಗಿ ಏರ್ತದೆ. ಕರಟ ಸುಟ್ಟ ಇದ್ದಿಲು ಇದ್ರೆ ನುಣ್ಣಗೆ ಕುಟ್ಟಿ ತನ್ನಿ."

"ಇದ್ದಿಲಾ?"

"ಇದ್ದಿಲು. ಪ್ರಶ್ನೆ ಆಮೇಲೆ ಕೇಳಿ."

ಆ ತೋಟದಲ್ಲಿ ಶಿವರುದ್ರಮ್ಮನವರಿಗೆ ಹಾಗೆ ಮಾತಾಡಿದವರು ಯಾರೂ ಇರಲಿಲ್ಲ. ಆಕೆ ಹೋಗಿ ಕುಟ್ಟಿಸಿದರು. ಉಸಿರು ಸ್ವಲ್ಪ ಹದಕ್ಕೆ ಬಂದು ಕಡಸು ನುಂಗಬಲ್ಲದೆಂದು ಖಾತ್ರಿಯಾದ ಮೇಲೆ, ಶ್ರೀರಂಗಯ್ಯ ಹೊಟ್ಟೆಯ ವಿಷ ಹೀರುವ ಆ ಇದ್ದಿಲ ನೀರನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ, ದವಡೆಯ ಸಂದಿನಿಂದ ಗುಟುಕು ಗುಟುಕಾಗಿ ಇಳಿಸಿದರು. ಪಾಷಾ ಒಂದೂಕಾಲು ಗಂಟೆಯಲ್ಲಿ ಬಂದ. ಐದು ಅಂಗಡಿ ತಿರುಗಿ ಅಂಗಿಯ ಜೇಬು, ಸೀಟಿನ ಕೆಳಗಿನ ಚೀಲ ಎಲ್ಲ ತುಂಬಿಸಿಕೊಂಡು ಬಂದಿದ್ದ. ಮತ್ತೆ ಕೊಟ್ಟರು, ಅರ್ಧ ಗಂಟೆ ಬಿಟ್ಟು ಮತ್ತೆ ಕೊಟ್ಟರು. ಬಾಯೊಳಗೆ ಕೈಹಾಕಿ ಜೊಲ್ಲು ಒಣಗಿತೇ ನೋಡುವುದು, ಪಾಪೆ ಅಗಲಿಸಿತೇ ನೋಡುವುದು, ಸೀಸೆ ಮುರಿಯುವುದು. ಮೂರೂವರೆಗೆ ಕಡಸು ತಲೆಯೆತ್ತಿತು. ನಾಲ್ಕೂಕಾಲಿಗೆ ಎದ್ದು ನಿಂತು, ಕಾಲು ಅಗಲಿಸಿಕೊಂಡು, ಸೆಗಣಿ ಹಾಕಿತು.

ಶ್ರೀರಂಗಯ್ಯ ಕೈ ತೊಳೆದು ಬಾವಿಕಟ್ಟೆಯ ಮೇಲೆ ಕೂತರು. ಏಳನೆಯ ಮರವನ್ನು ಬುಡದಿಂದ ಸುಳಿಯವರೆಗೆ ನೋಡಿದರು. ಮೂರು ದಿನ ಅದೇ ವಿಷದೊಳಗೆ ಬೇರು ಅದ್ದಿಕೊಂಡು ನಿಂತಿದ್ದರೂ ಅದರ ಒಂದು ಗರಿಯೂ ಬಾಡಿರಲಿಲ್ಲ. ಕಡಸು ಒಂದು ಬಾಯಿ ಅಗಿದು ಸಾವಿನ ಹತ್ತಿರ ಹೋಗಿ ಬಂದಿತ್ತು. ಆ ವಿಷ ಹಿಡಿಯುವುದು ನರವನ್ನು. ನರವಿರುವ ಜೀವಕ್ಕೆ ನಡೆದಾಡುವುದು, ರುಚಿ ನೋಡುವುದು, ಬೇಕು ಬೇಡವೆನ್ನುವುದು ಎಲ್ಲ ಇದೆ. ಆ ವಿಷ ತಟ್ಟುವುದೂ ಅದಕ್ಕೇ. ಮರಕ್ಕೆ ಇದಾವುದೂ ಇಲ್ಲ. ಅಟ್ರೋಪಿನ್ ಎಷ್ಟು ಸಲ ಕೊಟ್ಟಿದ್ದರೋ ಲೆಕ್ಕವಿಲ್ಲ, ಈ ಮಾತು ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಗೊತ್ತಿದ್ದದ್ದನ್ನು ಮರದ ಪಕ್ಕ ಇಟ್ಟು ನೋಡಿರಲಿಲ್ಲ.

ಶಿವರುದ್ರಮ್ಮ ಕಾಫಿ ತಂದರು. "ಹಾಳು ಪ್ಲಾಸ್ಟಿಕ್ ತಿನ್ನೋ ಚಟ ಇದಕ್ಕೆ," ಎಂದರು.

ಶ್ರೀರಂಗಯ್ಯ ಸುಮ್ಮನಿದ್ದಿದ್ದರೆ ಆ ಮಾತೇ ಊರಿನ ಮಾತಾಗುತ್ತಿತ್ತು. ಅವರು ಲೋಟ ಕೆಳಗಿಟ್ಟರು.

"ಪ್ಲಾಸ್ಟಿಕ್ಕಿಗಲ್ಲ ಅಮ್ಮಾರೇ, ಬೆಲ್ಲದ ವಾಸನೆಗೆ ಬಂದದ್ದು. ನಾಲಿಗೆ ಇಲ್ಲದ್ದಕ್ಕೆ ಬೆಲ್ಲ ಹಾಕ್ದೆ, ನಾಲಿಗೆ ಇರೋದು ಬಂದು ಬಾಯಿ ಹಾಕ್ತು. ಗುಂಡೀನೂ ಮುಚ್ಚಿಸಲಿಲ್ಲ. ತಪ್ಪು ನಂದು."

"ನಿಮ್ಮದೇ ಅಂತ ನಂಗೂ ಗೊತ್ತು," ಎಂದರು ಶಿವರುದ್ರಮ್ಮ. "ನೀವೇ ಹೇಳ್ತೀರೋ ಇಲ್ವೋ ಅಂತ ನೋಡ್ತಿದ್ದೆ."

ಪಾಷಾ ಮೋಟಾರಿನ ಸುಟ್ಟ ತಂತಿ ಎಳೆಯುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. "ಸಾಹೇಬ್ರೇ, ಒಂದು ಮಾತು ಹೇಳ್ಲಾ? ಬೈಬಾರ್ದು."

"ಹೇಳಪ್ಪ. ಇವತ್ತು ಯಾರು ಬೇಕಾದ್ರೂ ಹೇಳಬೌದು."

"ಹಸಕ್ಕೆ ಪಂಪು ಎದೆಯೊಳಗೈತೆ. ಹಸ ಮಲಗಿದ್ರೂ ಅದು ಓಡ್ತಾನೇ ಇರ್ತದೆ. ಒಳಕ್ಕೆ ಹಾಕಿದ್ದ ಔಷಧೀನ ಮೈಗೆಲ್ಲ ತಳ್ತದೆ. ಈ ಮರಕ್ಕೆ ಪಂಪು ಎಲ್ಲಿ, ತೋರ್ಸಿ ನೋಡೋಣ."

ಶ್ರೀರಂಗಯ್ಯ ಮರವನ್ನು ನೋಡಿದರು.

"ಒದ್ದೆ ಬಟ್ಟೆ ಬಿಸಿಲಿಗೆ ಒಣಗ್ತದಲ್ಲ, ಗರೀನೂ ಹಂಗೇ ಒಣಗೋದು. ಮೇಲೆ ಆರಿಹೋದಷ್ಟು ನೀರನ್ನ ಕೆಳಗಿಂದ ಎಳ್ಕೋತದೆ. ಮೋಟಾರು ಮೇಲೈತೆ, ಬಿಸಿಲೇ ಕರೆಂಟು. ಮೂರು ದಿನದಿಂದ ಮೋಡ, ಅಂದ್ರೆ ಪವರ್ ಕಟ್. ಸಾಲದು ಅಂತ ನೀವು ತೋಟದ ತುಂಬ ನೀರು ಬುಟ್ಟಿದೀರ. ಸಾವಿರ ಬೇರಿಗೆ ಆರಾಮಾಗಿ ನೀರು ಸಿಗೋವಾಗ ನಿಮ್ಮ ಒಂದು ಪೊಟ್ಟಣದಿಂದ ಯಾಕೆ ಎಳೀತದೆ?"

"ಇದನ್ನ ಎಲ್ಲಿ ಓದ್ದೆ?"

"ಓದೋದೆಲ್ಲಿ ಬಂತು. ಪಂಪಿನ ಹೊಟ್ಟೆ ಬಿಚ್ಚಿ ಬಿಚ್ಚಿ ನೋಡಿದೀನಿ. ಆದ್ರೆ ಒಂದು ತಿಳೀಲಿಲ್ಲ ನಂಗೆ. ನನ್ನ ಪಂಪು ಇಪ್ಪತ್ತೈದಡಿ ಆಳದಿಂದ ಎಳೆಯೋಕೇ ಒದ್ದಾಡ್ತದೆ. ಇದು ಅರವತ್ತಡಿ ಎಳೀತದೆ, ಸದ್ದೂ ಇಲ್ಲ. ಅದು ಹೆಂಗೆ ಅಂತ ಮಾತ್ರ ಕೇಳಬ್ಯಾಡಿ."

ಮರದೊಳಗಿನ ಕೊಳವೆಗಳು ಕೂದಲಿಗಿಂತ ಸಣ್ಣವು. ಅವುಗಳಲ್ಲಿ ನೀರು ಹಗ್ಗದ ಹಾಗೆ ಒಂದಕ್ಕೊಂದು ಹಿಡಿದುಕೊಂಡಿರುತ್ತದೆ, ಮೇಲಿನಿಂದ ಎಳೆದರೆ ತುಂಡಾಗದೆ ಏರುತ್ತದೆ. ಇದು ಪುಸ್ತಕದ ಉತ್ತರ. ಬಾವಿಕಟ್ಟೆಯ ಮೇಲಿದ್ದ ಮೂವರಿಗೂ ಅದು ಗೊತ್ತಿರಲಿಲ್ಲ. ಅದರಿಂದ ನಷ್ಟವೇನೂ ಆಗಲಿಲ್ಲ. ಬೇಕಾದಷ್ಟು ಪಾಷಾ ಹೇಳಿದ್ದ. ಮರ ಕುಡಿಯುವುದಿಲ್ಲ; ಮರದ ಮೂಲಕ ನೀರು ಹಾದುಹೋಗುತ್ತದೆ. ಅದಕ್ಕೆ ಬಾಯಾರಿಕೆಯಿಲ್ಲ, ಮೊಂಡುತನವಿಲ್ಲ, ಒಪ್ಪಿಸಬೇಕಾದ ಮನಸ್ಸಿಲ್ಲ.

ಶ್ರೀರಂಗಯ್ಯ ಎದ್ದು ಉಳಿದ ಒಂಬತ್ತು ಪೊಟ್ಟಣಗಳನ್ನೂ ತಮ್ಮ ಕೈಯಿಂದಲೇ ಬಿಚ್ಚಿದರು. ತೋಟದ ಮೂಲೆಯಲ್ಲಿ ಆಳವಾಗಿ ಗುಂಡಿ ತೋಡಿಸಿ, ಔಷಧಿಯನ್ನೂ ಪ್ಲಾಸ್ಟಿಕ್ಕನ್ನೂ ಹೂಳಿಸಿದರು. ಆಮೇಲೆ ಶಿವರುದ್ರಮ್ಮನವರ ಮುಂದೆ ಬಂದು ನಿಂತರು.

"ಹತ್ತು ಬ್ಯಾಡ ಅಮ್ಮಾರೇ. ಒಂದೇ ಒಂದು ಮರ ಕೊಡಿ. ನೆಲ ಆರಲಿ, ಬಿಸಿಲು ಬರಲಿ. ಆವಾಗ ಕಟ್ತೀನಿ."

"ಮಾತು ಏನಾಗಿತ್ತು? ಕುಡೀದಿದ್ರೆ ಮರ ನೋಡಕ್ಕೆ ಬರಬ್ಯಾಡಿ ಅಂದಿದ್ದೆ."

"ಅಂದಿದ್ರಿ. ಕುಡೀಲಿಲ್ಲ, ನಿಜ. ಮರ ಕುಡಿಯಾಕಿಲ್ಲ ಅಂತ ಗೊತ್ತಾಗಿದ್ದು ಇವತ್ತು. ಇನ್ನು ತಪ್ಪಾಗಕ್ಕಿಲ್ಲ."

ದೈನ್ಯವಿರಲಿಲ್ಲ ಆ ಮಾತಿನಲ್ಲಿ. ಬೆಳಗ್ಗೆ ಇದ್ದಷ್ಟೇ ಧೈರ್ಯ ಇತ್ತು, ಈ ಸಲ ಅದಕ್ಕೆ ಆಧಾರವೂ ಇತ್ತು. ಶಿವರುದ್ರಮ್ಮ ಕೊಟ್ಟಿಗೆಯ ಕಡೆ ನೋಡಿದರು. ಕಡಸು ನಿಂತುಕೊಂಡೇ ಒಣಹುಲ್ಲಿನ ವಾಸನೆ ನೋಡುತ್ತಿತ್ತು.

"ಒಂದು ಮರ," ಎಂದರು. "ಕಟ್ಟೋ ಹಿಂದಿನ ದಿನ ಹೇಳಿ ಕಳಿಸಿ. ದನನೆಲ್ಲ ಹೊಲಕ್ಕೆ ಹೊಡಿಸ್ತೀನಿ."

ಹನ್ನೊಂದು ದಿನ ಬಿಸಿಲು ಬರಲಿಲ್ಲ. ಶ್ರೀರಂಗಯ್ಯ ದಿನಾ ಬೆಳಗ್ಗೆ ತೋಟಕ್ಕೆ ಹೋಗಿ, ಒಂದು ಹಿಡಿ ಮಣ್ಣು ಹಿಸುಕಿ ನೋಡಿ, ಹಾಗೇ ಹಿಂದಿರುಗುತ್ತಿದ್ದರು. ಈ ನಡುವೆ ತಿಪಟೂರಿಗೆ ಹೋಗಿ, ತಾವು ಎದ್ದು ಬಂದಿದ್ದ ಭಾಷಣವನ್ನು ಅಧಿಕಾರಿಯ ಮೇಜಿನ ಮುಂದೆ ಕೂತು ಪೂರ್ತಿ ಕೇಳಿದರು. ಬಿಸಿಲು, ಒಣ ನೆಲ, ಮುಚ್ಚಿದ ಗುಂಡಿ ಎಲ್ಲ ಅದರಲ್ಲೇ ಇತ್ತು. ಹನ್ನೆರಡನೆಯ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಬೆಳಗ್ಗೆ ಹತ್ತಕ್ಕೆ ಬೇರು ಕೊಯ್ದು, ಬರಿಯ ಔಷಧಿ ನೀರಿಗೆ ಇಳಿಸಿ, ದಾರ ಬಿಗಿದು, ಮೇಲೆ ಬಿದಿರು ಬುಟ್ಟಿಯ ಹೆಡಿಗೆ ಕವುಚಿ, ಹೆಡಿಗೆಯ ಮೇಲೆ ಕಲ್ಲಿಟ್ಟರು. ಸಂಜೆ ನಾಲ್ಕಕ್ಕೆ ಶಿವರುದ್ರಮ್ಮ ಅವರಿಗಾಗಿ ಕಾಯದೆ ತಾವೇ ಹೋಗಿ ಹೆಡಿಗೆ ಎತ್ತಿದರು. ಪೊಟ್ಟಣ ಬೇರಿಗೆ ಒದ್ದೆ ಎಲೆಯ ಹಾಗೆ ಅಂಟಿಕೊಂಡಿತ್ತು. ಒಳಗೆ ಒಂದು ಹನಿಯೂ ಇರಲಿಲ್ಲ.

"ಉಳಿದ ನೂರಹತ್ತೊಂಬತ್ತಕ್ಕೆ ಎಷ್ಟು ದಿನ ಬೇಕು?" ಎಂದು ಅವರು ಬಂದ ಕೂಡಲೇ ಕೇಳಿದರು.

"ಬಿಸಿಲನ್ನ ಕೇಳಿ ಹೇಳ್ತೀನಿ," ಎಂದರು ಶ್ರೀರಂಗಯ್ಯ.

ನುಸಿ ಅದರಿಂದ ಪೂರ್ತಿ ಹೋಗಲಿಲ್ಲ. ಯಾರ ತೋಟದಿಂದಲೂ ಹೋಗಲಿಲ್ಲ. ಆರು ತಿಂಗಳ ಮೇಲೆ ಬಂದ ಹೊಸ ಗೊನೆಗಳಲ್ಲಿ ಪಟ್ಟೆ ಬಿದ್ದ ಕಾಯಿ ಅರ್ಧಕ್ಕಿಂತ ಕಡಿಮೆಯಾಗಿತ್ತು, ಅಷ್ಟೇ. ಶ್ರೀರಂಗಯ್ಯ ಅದಕ್ಕಿಂತ ಹೆಚ್ಚಿನದನ್ನು ಯಾರಿಗೂ ಹೇಳಲಿಲ್ಲ. ಔಷಧಿ ಕಟ್ಟಿದ ತೋಟದಲ್ಲಿ ದನ ಬಿಡುವವರ ತೋಟಕ್ಕೆ ಎಷ್ಟು ಕರೆದರೂ ಹೋಗಲಿಲ್ಲ. ಮುಂದಿನ ನಾಲ್ಕು ವರ್ಷ ಹಾಲ್ಕುರಿಕೆಯಲ್ಲೂ ಸುತ್ತಿನ ಊರುಗಳಲ್ಲೂ ಅವರ ಕೈ ತಾಗದ ತೋಟ ಕಡಿಮೆ. ನಿಂತಿರುವ ದನ, ಓಡಾಡುವ ಮರ ಎಂಬ ಮಾತನ್ನು ಅವರು ಮತ್ತೆ ಆಡಲಿಲ್ಲ.

ಎರಡು ಸಾವಿರದ ಮೂರರ ಶ್ರಾವಣದಲ್ಲಿ ಒಂದು ಬೆಳಗ್ಗೆ ಪಕ್ಕದ ಊರಿನ ರಂಗಪ್ಪ ಮಳೆಯಲ್ಲಿ ನೆನೆದುಕೊಂಡು ಬಂದ. ಹಸುವಿಗೆ ಬೆಳಗಿನ ಜಾವದಿಂದ ಕರು ಅಡ್ಡ ಸಿಕ್ಕಿಕೊಂಡಿದೆ ಎಂದ. "ಹೆಂಗೂ ಬರ್ತೀರಲ್ಲ ಕಾಂಪೌಂಡ್ರೇ, ಔಷಧೀನೂ ಹಿಡ್ಕಂಡು ಬನ್ನಿ. ಇಪ್ಪತ್ತು ಮರಕ್ಕೆ ನುಸಿ ಹತ್ತೈತೆ. ಒಂದೇ ದಾರೀಲಿ ಅದೂ ಆಗೋಗ್ಲಿ."

"ಮರಕ್ಕೆ ಬಿಸಿಲು ಬಂದಾಗ ಬತ್ತೀನಿ. ಇವತ್ತಲ್ಲದಿದ್ರೆ ಮುಂದಿನ ವಾರ. ಅದು ನಿಂತಿರ್ತದೆ," ಎನ್ನುತ್ತ ಶ್ರೀರಂಗಯ್ಯ ಆಗಲೇ ಪೆಟ್ಟಿಗೆ ಕೈಗೆತ್ತಿಕೊಂಡು, ಪಂಚೆ ಮೇಲಕ್ಕೆ ಕಟ್ಟಿ ಜಗಲಿ ಇಳಿದಿದ್ದರು. "ಹಸ ಕಾಯಾಕಿಲ್ಲ. ನಡಿಯೋ, ಏನ್ ನೋಡ್ತಾ ನಿಂತಿದೀಯ!"

ರಂಗಪ್ಪ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಕೆಸರಿನ ದಾರಿಯಲ್ಲಿ ಅವರ ಜೊತೆಗಿರಲು ಅವನು ಓಡಬೇಕಾಯಿತು.